ಮನೆಯೊಳಗಿನ ಸಂಗೀತ ಮಹಲು

ವಿಜಯಪುರದ ಪಶ್ಚಿಮಕ್ಕೆ, ಕಾಲಲ್ಲಿ ಕಸುವಿದ್ದವರು ನಡೆದೇ ಹೋಗಬಹುದಾದಷ್ಟು ದೂರದಲ್ಲಿ ನಮ್ಮ ತೊರವಿ ಇದೆ. ಹೊರಗಿನವರಿಗೆ ಈ ಊರಿನ ಪರಿಚಯವಿರುವುದು ಮುಖ್ಯವಾಗಿ ಎರಡು ಕಾರಣಗಳಿಂದ. ಒಂದು, ನರಸಿಂಹನ ಗುಡಿ. ಆ ನರಸಿಂಹನ ಅಂಕಿತದಲ್ಲಿ ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ರಚಿಸಿದ ತೊರವೆ ರಾಮಾಯಣ. ಇನ್ನೊಂದು, ಊರ ಹೊರವಲಯದಲ್ಲಿ ನಿಂತಿರುವ ಸಂಗೀತ ಮಹಲೆಂಬ ಹಾಳು ಕಟ್ಟಡ. ಈಚಿನ ವರುಷಗಳಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣವೂ ಇಲ್ಲಿಯೇ ಬಂದಿರುವುದರಿಂದ ಬಸ್ಸಿನ ಕಂಡಕ್ಟರರು ಮೂರನೆಯ ಕಾರಣವೊಂದನ್ನು ಹೇಳಬಹುದು. ಅದು ಬೇರೆ ಮಾತು.

ನಾನು ಇಲ್ಲಿ ಹೇಳಹೊರಟಿರುವುದು ನಮ್ಮ ಮನೆಯ ಅಟ್ಟದ ಕೆಳಗೆ, ದೇವರ ಕೋಣೆಯ ಗೋಡೆಗೆ ಆತುಕೊಂಡು ಹಗಲಿರುಳು ಸಣ್ಣಗೆ ಗುಂಯ್‌ಗುಡುತ್ತಿರುವ ಒಂದು ಹಳೆಯ ಕಂಪ್ಯೂಟರಿನ ಸಂಗತಿ. ಅದರ ಹೊಟ್ಟೆಯಲ್ಲಿ ನಮ್ಮ ಮನೆಯ ಹಾಡುಗಳೆಲ್ಲ ಇವೆ, ಮದುವೆ ಮುಂಜಿಗಳ ಚಲಚ್ಚಿತ್ರಗಳಿವೆ, ತೀರಿಹೋದವರ ಮಾತುಗಳಿವೆ. ಪಡಸಾಲೆಯ ಟೀವಿಯಲ್ಲಾಗಲಿ ಅವ್ವನ ಕೈಯ ಫೋನಿನಲ್ಲಾಗಲಿ ಕೇಳಿದಾಗ ಕೇಳಿದ್ದನ್ನು ಅದು ಕೊಡುತ್ತದೆ. ಇಂಥದಕ್ಕೆ ಮೀಡಿಯಾ ಸರ್ವರು ಎಂದು ಹೆಸರು. ಸರ್ವರು ಎಂದರೆ ಬಡಿಸುವವನು; ಪಂಕ್ತಿಯಲ್ಲಿ ಕುಳಿತವರು ಯಾರಿಗೆ ಏನು ಬೇಕೆಂದರೆ ಅದನ್ನು ಬಡಿಸುವುದೇ ಅದರ ಕೆಲಸ. ಈ ಯಂತ್ರ ನಿನ್ನೆ ಮೊನ್ನೆಯದು. ಆದರೆ ಅದರ ಹಿಂದಿರುವ ಆಸೆ ಬಲು ಹಳೆಯದು. ಅದರ ವಂಶಾವಳಿಯನ್ನು ಹೇಳಬೇಕಾದರೆ ನಮ್ಮೂರಿನ ಆ ಹಾಳು ಮಹಲಿನಿಂದಲೇ ಆರಂಭಿಸುವುದು ಸರಿಯೆಂದು ನನಗೆ ತೋರುತ್ತದೆ.

ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನಿಗೆ ಸಂಗೀತವೇ ಉಸಿರಾಗಿತ್ತು. ಜನ ಅವನನ್ನು ಜಗದ್ಗುರು ಎಂದು ಕರೆದರು. ತನ್ನ ತಂಬೂರಿಗೆ ಅವನು ಮೋತಿಖಾನ ಎಂದು ಹೆಸರಿಟ್ಟಿದ್ದನು. ಆನೆಗೆ ಆತಶಖಾನ ಎಂದು. ಇವೆರಡರ ಮೇಲಿನ ಪ್ರೀತಿಯನ್ನು ಹಾಡು ಕಟ್ಟಿ ಹೇಳಿದ್ದಾನೆ. 1599ರಲ್ಲಿ ತೊರವಿಯ ನೆಲದಲ್ಲಿ ನವರಸಪುರವೆಂಬ ಹೊಸ ಪಟ್ಟಣಕ್ಕೆ ಅಡಿಗಲ್ಲು ಹಾಕಿಸಿದನು. ಹಾಡುವವರು, ಕುಣಿಯುವವರು, ಕವಿಗಳು, ಚಿತ್ರಕಾರರು ಒಂದೆಡೆ ನೆಲೆಸಲೆಂದು ಅವನ ಇಚ್ಛೆ. ಅಲ್ಲಿನ ಸಂಗೀತ ಮಹಲು ಆ ಕನಸಿನಲ್ಲಿ ಉಳಿದುಬಂದ ಒಂದು ತುಣುಕು. 1624ರಲ್ಲಿ ಅಹಮದನಗರದ ಮಲಿಕ್ ಅಂಬರನು ನವರಸಪುರವನ್ನು ಲೂಟಿ ಮಾಡಿದನು. ಇಪ್ಪತ್ತೈದು ವರುಷವೂ ಪೂರ್ತಿ ಬಾಳದ ಪಟ್ಟಣವದು.

ಪಟ್ಟಣ ಹಾಳಾಯಿತು, ಪುಸ್ತಕ ಉಳಿಯಿತು. ಇಬ್ರಾಹಿಮನು ದಖನಿ ಭಾಷೆಯಲ್ಲಿ ಬರೆದ ಕಿತಾಬ್-ಎ-ನವರಸ್‌ನಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಕಲಬುರ್ಗಿಯ ಬಂದೇನವಾಜರ ಸ್ತುತಿಯಿದೆ. ಖಲೀಲುಲ್ಲಾ ಎಂಬ ಲಿಪಿಕಾರನು ಇದನ್ನು ಅಂದವಾಗಿ ಪ್ರತಿ ಮಾಡಿಕೊಟ್ಟಾಗ ದೊರೆ ಅವನಿಗೆ ಲೇಖನಿಯ ಬಾದಶಹನೆಂಬ ಬಿರುದನ್ನೇ ಕೊಟ್ಟನಂತೆ. 1956ರಲ್ಲಿ ನಜೀರ್ ಅಹಮದರು ಇದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಪ್ರತಿಯೊಂದು ಹಾಡಿನ ಮೇಲೆ ರಾಗದ ಹೆಸರನ್ನು ಬರೆದಿದೆ. ಆದರೆ ಗಮನಿಸಬೇಕಾದ್ದು ಇಲ್ಲಿದೆ: ರಾಗದ ಹೆಸರಿದೆ, ರಾಗವಿಲ್ಲ. ಇಬ್ರಾಹಿಮನು ಅದನ್ನು ಹೇಗೆ ಎತ್ತಿಕೊಳ್ಳುತ್ತಿದ್ದನು, ಎಲ್ಲಿ ನಿಲ್ಲಿಸುತ್ತಿದ್ದನು, ಮೋತಿಖಾನನ ಶ್ರುತಿ ಎಷ್ಟಿತ್ತು, ಇವನ್ನು ತಿಳಿಯುವ ದಾರಿಯೇ ಇಲ್ಲ. ಒಂದು ರಾಜ್ಯದ ಬೊಕ್ಕಸವನ್ನೆಲ್ಲ ಸುರಿದರೂ ಒಂದು ನಿಮಿಷದ ದನಿಯನ್ನು ಹಿಡಿದಿಡುವುದು ಆ ದೊರೆಯಿಂದಾಗಲಿಲ್ಲ.

ಇದೇ ಊರಿನ ಇನ್ನೊಂದು ಕೃತಿಯ ಗತಿ ಬೇರೆಯಾಯಿತು. ತೊರವೆ ರಾಮಾಯಣಕ್ಕೆ ಮಹಲಿರಲಿಲ್ಲ. ಅದು ಓಲೆಗರಿಯಲ್ಲಿ ಪ್ರತಿಯಾಗಿ ಮನೆಮನೆಯ ನಾಗಂದಿಗೆಯ ಮೇಲೆ ಕುಳಿತಿತು. ಶ್ರಾವಣ ಬಂದರೆ ಗುಡಿಯಲ್ಲಿ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಓದುವ ಧಾಟಿ ಬಾಯಿಂದ ಬಾಯಿಗೆ ಬಂದದ್ದು; ಕವಿಯ ಕಾಲದ್ದೇ ಧಾಟಿಯೆಂದು ನಾನು ಹೇಳಲಾರೆ. ಆದರೆ ಒಂದಲ್ಲ ಒಂದು ಧಾಟಿಯಂತೂ ಜೀವದಿಂದಿದೆ.

ದನಿಯನ್ನು ಹಿಡಿದಿಡುವ ವಿದ್ಯೆ ನಮ್ಮ ದೇಶಕ್ಕೆ ವ್ಯಾಪಾರವಾಗಿ ಬಂದದ್ದು 1902ರಲ್ಲಿ. ಆ ವರುಷದ ನವಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಯ ಹೊಟೇಲೊಂದರಲ್ಲಿ ಯಂತ್ರ ಹೂಡಿ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡನು. ಹಾಡಿಗೆ ಸಿಗುತ್ತಿದ್ದ ಅವಕಾಶ ಸುಮಾರು ಮೂರು ನಿಮಿಷ. ಮುಗಿಯುತ್ತಿದ್ದಂತೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಹಮ್ಮಿನಿಂದಲ್ಲ. ಆ ಮುದ್ರಿಕೆಗಳು ತಟ್ಟೆಯಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಇಂದು ನಾವು ಪ್ರತಿಯೊಂದು ಹಾಡಿನ ಕಡತಕ್ಕೆ ಹಾಡಿದವರ ಹೆಸರು, ರಾಗ, ವರುಷ ಎಂದು ಚೀಟಿ ಅಂಟಿಸುತ್ತೇವಷ್ಟೆ. ಆ ಚೀಟಿಯ ಆದಿಪುರುಷ, ಅಲ್ಲ, ಆದಿಸ್ತ್ರೀ ಗೌಹರ್ ಜಾನ್. ಕೊನೆಗಾಲದಲ್ಲಿ ಆಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದಳು.

ತಟ್ಟೆಯ ಮಹಿಮೆಗೆ ನಮ್ಮ ಭಾಗದಲ್ಲೇ ಒಂದು ನಿದರ್ಶನವುಂಟು. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮರಿಯೊಂದರ ತಟ್ಟೆಯನ್ನು ಕೇಳಿ ಮರುಳಾದ ಹುಡುಗನೊಬ್ಬ 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟನು. ಮೊದಲು ಅವನು ಹೊರಟದ್ದು ವಿಜಾಪುರದ ಕಡೆಗೆ. ಹುಡುಗನ ಹೆಸರು ಭೀಮಸೇನ ಜೋಶಿ. ಖಾನರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದಲ್ಲಿ ಅವನಿಗೆ ಸಿಕ್ಕಿದ್ದು ಮುಂದಿನ ಮಾತು. ಮೂರು ನಿಮಿಷದ ತಟ್ಟೆ ಒಬ್ಬ ಮನುಷ್ಯನ ಆಯುಷ್ಯವನ್ನೇ ತಿರುಗಿಸಿತು.

ಬಾನುಲಿಯ ಕಥೆಯಲ್ಲಿಯೂ ನನಗೆ ಅಚ್ಚುಮೆಚ್ಚಾದ ಪ್ರಸಂಗವೊಂದಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ವಿಠ್ಠಲ ವಿಹಾರದಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಸರಕಾರದ ದುಡ್ಡಲ್ಲ, ಕಂಪನಿಯ ಬಂಡವಾಳವಲ್ಲ. ಒಬ್ಬ ಮೇಷ್ಟರ ಮನೆ, ಒಂದು ಪುಟ್ಟ ಪ್ರೇಷಕ ಯಂತ್ರ. ಆ ನಿಲಯಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನೆಯಲ್ಲಿ ಸರ್ವರು ಇಟ್ಟುಕೊಂಡವರನ್ನು ಹುಚ್ಚರೆಂದು ನಗುವವರಿಗೆ ನಾನು ಗೋಪಾಲಸ್ವಾಮಿಯವರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇನೆ. 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾದ ಮೇಲೆ ನಮ್ಮ ಭಾಗದ ಗಾಯಕರ ದನಿ ಹಳ್ಳಿಹಳ್ಳಿಗೆ ಮುಟ್ಟಿತು. ಆದರೆ ತಟ್ಟೆಯಾಗಲಿ ಬಾನುಲಿಯಾಗಲಿ, ಸಾಮಾನ್ಯನ ಪಾಲಿಗೆ ಅದು ಕೇಳುವ ಸಾಧನ ಮಾತ್ರ. ಹಿಡಿದಿಡುವ ಅಧಿಕಾರ ಅವನ ಕೈಗೆ ಬಂದಿರಲಿಲ್ಲ.

ಅದನ್ನು ತಂದುಕೊಟ್ಟದ್ದು ಕ್ಯಾಸೆಟ್ಟು. ಹಾಲೆಂಡಿನ ಫಿಲಿಪ್ಸ್ ಕಂಪನಿ ಇದನ್ನು 1963ರಲ್ಲಿ ಹೊರತಂದಿತು. ಕನ್ನಡದಲ್ಲಿ ಇದರ ಭಾಗ್ಯೋದಯವಾದದ್ದು 1978ರಲ್ಲಿ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ದಿಂದ. ಆದರೆ ಅಂಗಡಿಯ ಕ್ಯಾಸೆಟ್ಟಿಗಿಂತ ಖಾಲಿ ಕ್ಯಾಸೆಟ್ಟೇ ದೊಡ್ಡ ಕ್ರಾಂತಿಯೆಂಬುದು ನನ್ನ ಅಭಿಪ್ರಾಯ. ಕೆಂಪು ಗುಂಡಿ ಒತ್ತಿದರೆ ಸಾಕು, ಇಬ್ರಾಹಿಮನಿಗೆ ದಕ್ಕದ ಐಶ್ವರ್ಯ ಕೂಲಿಕಾರನಿಗೂ ದಕ್ಕುತ್ತಿತ್ತು. ಭಜನೆ, ಡೊಳ್ಳಿನ ಹಾಡು, ಸ್ವಾಮಿಗಳ ಪ್ರವಚನ, ಸೋಬಾನೆ, ತೊಟ್ಟಿಲ ಶಾಸ್ತ್ರ, ಎಲ್ಲವೂ ಟೇಪಾದವು.

ನಮ್ಮ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಶ್ರಾವಣದಲ್ಲಿ ಗುಡಿಯಲ್ಲಿ ತೊರವೆ ರಾಮಾಯಣ ಓದುವ ಸರದಿ ಬಂದಾಗ ಮನೆಯಲ್ಲಿ ಮೊದಲೇ ರೂಢಿ ಮಾಡಿಕೊಳ್ಳುತ್ತಿದ್ದರು. 1993ರ ಶ್ರಾವಣದಲ್ಲಿ ಸೋದರಮಾವನ ಟೇಪ್ ರಿಕಾರ್ಡರು ನಮ್ಮಲ್ಲಿಗೆ ಬಂದಿತ್ತು. ಅಪ್ಪ ಪಡಸಾಲೆಯಲ್ಲಿ ಕುಳಿತು ಓದಿದ್ದನ್ನು ಮಾವ ಹಿಡಿದುಕೊಂಡರು. ಅಪ್ಪನಿಗೆ ಅದು ಸೇರಿದಂತಿರಲಿಲ್ಲ. ತಪ್ಪಾದರೂ ಟೇಪಿನ್ಯಾಗ ಕುಂತಬಿಡತೈತಿ ಎಂದು ಗೊಣಗಿದ್ದು ನನಗೆ ನೆನಪಿದೆ. ಅವರು ತೀರಿಕೊಂಡ ಮೇಲೆ, 2009ರಲ್ಲಿ, ನಾನು ಒಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಆಗ ನನಗಿದ್ದ ಉತ್ಸಾಹವೇನು, ಗರ್ವವೇನು! ಗಾಳಿಯ ಸದ್ದನ್ನು ತೆಗೆಯುವ ಉಪಾಯವನ್ನು ಯಾರೋ ಹೇಳಿಕೊಟ್ಟಿದ್ದರು. ಟೇಪಿನ ಸುಯ್ಲನ್ನು ತೆಗೆದೆ. ನಡುನಡುವೆ ಬರುವ ಕೆಮ್ಮು, ಪುಟ ಹೊರಳಿಸುವ ಸದ್ದು, ಹಿತ್ತಿಲಲ್ಲಿ ಕೊಡ ಇಟ್ಟ ಸದ್ದು, ಎಲ್ಲ ತೆಗೆದು ಹದ ಮಾಡಿ ಸಣ್ಣ ಎಂಪಿ3 ಕಡತವಾಗಿ ಇಟ್ಟುಕೊಂಡೆ. ಕ್ಯಾಸೆಟ್ಟನ್ನು ಅಟ್ಟಕ್ಕೆ ಎಸೆದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಾಳಿಗೆ ಸೋರಿ ಟೇಪಿಗೆ ಬೂಷ್ಟು ಹಿಡಿದು ಸುರುಳಿ ಒಂದಕ್ಕೊಂದು ಅಂಟಿಕೊಂಡಿತು.

ಎಂಪಿ3ಯ ಬಗೆಗೆ ಒಂದು ಮಾತು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಈ ಕ್ರಮಕ್ಕೆ 1995ರಲ್ಲಿ ಆ ಹೆಸರು ಬಂತು. ಮನುಷ್ಯನ ಕಿವಿ ಹೇಗೂ ಗುರುತಿಸದ ಸೂಕ್ಷ್ಮಗಳನ್ನು ಬಿಟ್ಟುಬಿಟ್ಟು ಕಡತವನ್ನು ಕುಗ್ಗಿಸುವುದು ಅದರ ಜಾಣ್ಮೆ. ಒಂದು ತಾಸಿನ ಮುದ್ರಣ ಯಥಾವತ್ತಾಗಿ ಸುಮಾರು 600 ಎಂಬಿ ಆಗುವಲ್ಲಿ ಎಂಪಿ3ಯಲ್ಲಿ 60ಕ್ಕೆ ಇಳಿಯುತ್ತದೆ. ಬಿಟ್ಟದ್ದು ಬಿಟ್ಟಂತೆಯೇ, ಮರಳಿ ಬಾರದು. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಇನ್ನೊಂದು ಕ್ರಮ ಏನನ್ನೂ ಬಿಡದೆ ಮಡಿಚಿಡುತ್ತದೆ. ಜಾಗ ಹೆಚ್ಚು ಬೇಡುತ್ತದೆ. 2009ರ ನನಗೆ ಜಾಗದ ಚಿಂತೆಯಿತ್ತು, ದನಿಯ ಚಿಂತೆಯಿರಲಿಲ್ಲ.

ಇನ್ನು ಸರ್ವರಿನ ಚರಿತ್ರೆ. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು ಬಿಚ್ಚಿ ಬೆಸೆಯುತ್ತಿದ್ದ ಹವ್ಯಾಸಿಗಳು ಅದರಲ್ಲಿ ಹಾಡು ಸಿನಿಮಾಗಳನ್ನು ನುಡಿಸುವ ತಂತ್ರಾಂಶವೊಂದನ್ನು ಬರೆದರು. ಅದೇ ಬೆಳೆದು 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. ನಮಗೆ ಕನ್ನಡಿಗರಿಗೆ ಕೆರೆಯ ಕೋಡಿ ನೆನಪಾಗುವುದು ಸಹಜವಾದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರ ಬುಡದಿಂದಲೇ 2008ರ ಹೊತ್ತಿಗೆ ಪ್ಲೆಕ್ಸ್ ಎಂಬ ಟೊಂಗೆ ಒಡೆದು ಕಂಪನಿಯಾಯಿತು. ಎಂಬಿ ಎಂಬ ಇನ್ನೊಂದು ತಂತ್ರಾಂಶವೂ ಬಂತು. ಇದರ ಮೂಲ ಬರವಣಿಗೆ ಮೊದಲು ಎಲ್ಲರಿಗೂ ತೆರೆದಿತ್ತು. 2018ರ ಡಿಸೆಂಬರಿನಲ್ಲಿ ಮಾಡಿದವರು ಬಾಗಿಲು ಮುಚ್ಚಿದರು. ಅದನ್ನು ಒಪ್ಪದ ಕೆಲವರು ಅದೇ ತಿಂಗಳಲ್ಲಿ, ತೆರೆದಿದ್ದಾಗಿನ ಕೊನೆಯ ಪ್ರತಿಯನ್ನು ಹಿಡಿದುಕೊಂಡು ಜೆಲ್ಲಿಫಿನ್ ಎಂಬ ಬೇರೆ ಮನೆ ಹೂಡಿದರು. ನಮ್ಮ ಮನೆಯಲ್ಲಿರುವುದು ಅದೇ. ಹಣ ಕೇಳುವುದಿಲ್ಲ; ಯಾರು ಏನು ಕೇಳಿದರೆಂದು ಹೊರಗಿನ ಯಾವ ಅಂಗಡಿಗೂ ವರದಿ ಮಾಡುವುದಿಲ್ಲ. ಪ್ಲೆಕ್ಸಾದರೋ 2025ರಲ್ಲಿ ಪರಊರಿನಿಂದ ಮನೆಯ ಚಿತ್ರಗಳನ್ನು ನೋಡುವುದಕ್ಕೆ ಶುಲ್ಕ ವಿಧಿಸಿತು.

ತಿಂಗಳಿಗೊಮ್ಮೆ ದುಡ್ಡು ತೆತ್ತರೆ ಜಗತ್ತಿನ ಹಾಡೆಲ್ಲ ಫೋನಿನಲ್ಲಿ ಸಿಗುವಾಗ ಈ ತಾಪತ್ರಯವೇಕೆ ಎಂದು ನನ್ನ ಸಹೋದ್ಯೋಗಿಗಳು ಕೇಳುವುದುಂಟು. ನಲ್ಲಿಯ ನೀರು ಬೇಡವೆಂದು ನಾನೂ ಹೇಳುವುದಿಲ್ಲ. ಆದರೆ ಹಿತ್ತಿಲ ಬಾವಿಯನ್ನು ಮುಚ್ಚಬಾರದು. ಗೂಗಲಿನ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಏರ್‌ಟೆಲ್‌ನವರ ವಿಂಕ್ 2024ರಲ್ಲಿ ಮುಚ್ಚಿತು. ಅಲ್ಲಿ ಜನ ವರುಷಗಟ್ಟಲೆ ಜೋಡಿಸಿಟ್ಟ ಹಾಡಿನ ಪಟ್ಟಿಗಳು ಇನ್ನೊಬ್ಬರ ಜಾಗದಲ್ಲಿದ್ದವು. ಅಷ್ಟಕ್ಕೂ ಆ ಜಗತ್ತಿನ ಹಾಡುಗಳಲ್ಲಿ ನಮ್ಮ ಅಪ್ಪನ ಷಟ್ಪದಿ ಎಲ್ಲಿದೆ?

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1957ರ ನಮ್ಮ ಕೃತಿಸ್ವಾಮ್ಯದ ಕಾಯಿದೆಯ 52ನೆಯ ಕಲಮು ಖಾಸಗಿ ಬಳಕೆಗಾಗಿ ಮಾಡುವ ನ್ಯಾಯವಾದ ಉಪಯೋಗವನ್ನು ತಪ್ಪೆನ್ನುವುದಿಲ್ಲ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರುಷದಿಂದ 60 ವರುಷಗಳವರೆಗೆ ಇರುತ್ತದೆ. ಕೊಂಡ ಕ್ಯಾಸೆಟ್ಟನ್ನು ಮನೆಯಲ್ಲಿ ಕೇಳಲು ಇಳಿಸಿಕೊಳ್ಳುವುದು ಬೇರೆ, ಓಣಿಗೆಲ್ಲ ಹಂಚುವುದು ಬೇರೆ. ಸರ್ವರು ಕಂಡೊಡನೆ ಕದ್ದ ಸಿನಿಮಾಗಳ ಗೋದಾಮು ಮಾಡುವವರಿದ್ದಾರೆ. ಅವರ ಪಂಕ್ತಿಯಲ್ಲಿ ನಾನು ಕೂಡಲಾರೆ.

ನಾನು ಸರ್ವರು ಹೂಡಿದ್ದು 2020ರಲ್ಲಿ, ಕಾಲೇಜುಗಳು ಮುಚ್ಚಿದ್ದ ದಿನಗಳಲ್ಲಿ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಎರಡು ಹಾರ್ಡ್ ಡಿಸ್ಕು ಜೋಡಿಸಿದ್ದಾಯಿತು. ನಮ್ಮ ಕಡೆಯ ಬಿಸಿಲು ನಾಲ್ವತ್ತು ಡಿಗ್ರಿ ದಾಟುವಾಗ ಯಂತ್ರಕ್ಕೂ ಗಾಳಿ ಬೇಕು. ಕರೆಂಟು ಹೋಗಿ ಬರುವಾಗ ಡಿಸ್ಕು ಕೆಡದಿರಲು ಬ್ಯಾಟರಿ ಬೇಕು. ಮೊದಲ ದಿನದ ಫಜೀತಿಯನ್ನು ನೆನೆದರೆ ಈಗಲೂ ನಗೆ ಬರುತ್ತದೆ. ತಂಗಿಯ ಮದುವೆಯ ವಿಡಿಯೋವನ್ನು ಅರಿಯದೆ ಸಿನಿಮಾಗಳ ಕಪಾಟಿನಲ್ಲಿ ಇಟ್ಟೆ. ಯಂತ್ರವು ತಾನೇ ಜಾಣತನದಿಂದ ಜಾಲದಲ್ಲಿ ಹುಡುಕಿ ಯಾವುದೋ ಪರದೇಶದ ಚಿತ್ರದ ಭಿತ್ತಿಪತ್ರವನ್ನು ಅದಕ್ಕೆ ಅಂಟಿಸಿತು. ಮನೆಯ ವಿಡಿಯೋಗಳಿಗೆಂದೇ ಬೇರೆ ವಿಭಾಗವಿದೆಯೆಂದು ಆಮೇಲೆ ತಿಳಿಯಿತು. ಹಾಡುಗಳ ತೊಡಕು ಇನ್ನೂ ದೊಡ್ಡದು. ಕಲಾವಿದ, ಆಲ್ಬಂ, ಹಾಡಿನ ಸಂಖ್ಯೆ ಎಂಬುದು ಅದರ ವಿಂಗಡಣೆ. ರಾಗಕ್ಕೆ ಮನೆಯೇ ಇಲ್ಲ, ತಾಳಕ್ಕಂತೂ ಇಲ್ಲ. ನಾನು ಪ್ರಕಾರವೆಂಬ ಕಾಲಂನಲ್ಲಿ ರಾಗದ ಹೆಸರನ್ನು ತುರುಕಿದ್ದೇನೆ. ಹಿಂದೊಮ್ಮೆ ನುಡಿಯ ಹಳೆಯ ಅಕ್ಷರಗಳಲ್ಲಿ ಮಾಡಿಟ್ಟಿದ್ದ ಕ್ಯಾಸೆಟ್ಟುಗಳ ಯಾದಿಯನ್ನು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ. ಯೂನಿಕೋಡಿನಲ್ಲಿ ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ಪುಣೆಯಲ್ಲಿರುವ ತಮ್ಮನಿಗೂ ಈಗ ಇವೆಲ್ಲ ಕೇಳುತ್ತವೆ. ಹೊರಗಿನವರು ನುಸುಳದಂತೆ ಎರಡು ಮನೆಗಳ ನಡುವೆ ಜಾಲದೊಳಗೇ ಒಂದು ಗುಪ್ತ ದಾರಿಯನ್ನು ತೆಗೆಯಬಹುದು. ಬಲ್ಲವರು ಇದನ್ನು ಸುರಂಗವೆಂದೇ ಕರೆಯುತ್ತಾರೆ. ತೊರವಿಯವನಿಗೆ ಇದೇನೂ ಹೊಸದಲ್ಲ. ಆದಿಲಶಾಹಿಯವರು ಇಲ್ಲಿಯ ಸುರಂಗ ಬಾವಡಿಯಿಂದ ನೆಲದೊಳಗೆ ಸುರಂಗ ತೋಡಿ ಪಟ್ಟಣಕ್ಕೆ ನೀರು ಒಯ್ದಿದ್ದರು.

ಎಲ್ಲ ಸಿದ್ಧವಾದ ಮೇಲೆ ಒಂದು ಸಂಜೆ ಅವ್ವನನ್ನು ಟೀವಿಯ ಮುಂದೆ ಕೂಡಿಸಿ ಅಪ್ಪನ ಓದನ್ನು ಹಚ್ಚಿದೆ. ಸಂಧಿ ಮುಗಿಯುವವರೆಗೆ ಅವ್ವ ಅಲುಗಾಡದೆ ಕೇಳಿದಳು.

“ಎಲ್ಲಾ ಛಲೋ ಕೇಳಸ್ತೈತಿ. ಆದ್ರ ನಿಮ್ಮಪ್ಪನ ಕೆಮ್ಮು ಎಲ್ಲಿ ಹೋತು?”

“ಅದು ಗದ್ದಲಾ ಅಂತ ತಗದೇನವ್ವಾ.”

“ಅದನ್ನ ಕೇಳಬೇಕಂತನ ಕುಂತಿದ್ದೆ ನಾ” ಎಂದು ಎದ್ದುಹೋದಳು.

ತರಗತಿಯಲ್ಲಿ ಹಸ್ತಪ್ರತಿಗಳ ಪಾಠಾಂತರ ಬೋಧಿಸುವವನು ನಾನು. ಪ್ರತಿಕಾರನು ತನಗೆ ಬೇಡವೆನಿಸಿದ್ದನ್ನು ಬಿಟ್ಟನೆಂದು ಎಷ್ಟು ಬಾರಿ ಅವನನ್ನು ವಿದ್ಯಾರ್ಥಿಗಳ ಮುಂದೆ ಬೈದಿಲ್ಲ! ಅವ್ವ ಬೈಯಲಿಲ್ಲ. ಎಂಟು ದಿನ ಕಳೆದ ಮೇಲೆ ತನ್ನ ಸಂದೂಕದಿಂದ, ಸೀರೆಗಳ ನಡುವಿನಿಂದ, ಬಟ್ಟೆಯಲ್ಲಿ ಸುತ್ತಿದ್ದ ಎರಡು ಕ್ಯಾಸೆಟ್ಟುಗಳನ್ನು ತಂದು ನನ್ನ ಮುಂದಿಟ್ಟಳು. ಮಾವ ಹಿಡಿದದ್ದು ಒಂದಲ್ಲ, ಮೂರು ಎಂಬುದು ಅಂದಿನವರೆಗೆ ನನಗೆ ಗೊತ್ತೇ ಇರಲಿಲ್ಲ.

“ಇವಕ್ಕರ ಕತ್ರಿ ಹಚ್ಚಬ್ಯಾಡ” ಎಂದಳು.

ಹಚ್ಚಲಿಲ್ಲ. ಒಳ್ಳೆಯ ಡೆಕ್ಕೊಂದನ್ನು ಹುಡುಕಿ ತಂದು, ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಸಡಿಲು ಮಾಡಿ, ಇದ್ದದ್ದನ್ನು ಇದ್ದಂತೆ ಇಳಿಸಿದೆ. ಫ್ಲ್ಯಾಕ್‌ನಲ್ಲಿ ಒಂದು ಪ್ರತಿ ಸರ್ವರಿನಲ್ಲಿ, ಒಂದು ಪ್ರತಿ ಕಪಾಟಿನ ಡಿಸ್ಕಿನಲ್ಲಿ, ಇನ್ನೊಂದು ಪುಣೆಯಲ್ಲಿ. ಇದನ್ನು ಯೂಟ್ಯೂಬಿಗೆ ಹಾಕಿದರೆ ನಾಕು ಮಂದಿ ಕೇಳತಾರ ಎಂದು ತಮ್ಮ ಹೇಳುತ್ತಿದ್ದಾನೆ. ಗಮಕದ ಅಭ್ಯಾಸಿಗಳಿಗೆ ಉಪಯೋಗವಾದೀತೆಂದು ನನಗೂ ಅನಿಸುತ್ತದೆ. ಅವ್ವ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.

ಎರಡನೆಯ ಕ್ಯಾಸೆಟ್ಟಿನ ಮೊದಲ ಮಗ್ಗುಲಲ್ಲಿ, 14ನೆಯ ನಿಮಿಷಕ್ಕೆ, ಅಪ್ಪ ಷಟ್ಪದಿಯ ನಡುವೆಯೇ ಕೆಮ್ಮಿ ನಿಲ್ಲಿಸುತ್ತಾರೆ. ನೀರು ಕೇಳುತ್ತಾರೆ. ಬಳೆಯ ಸದ್ದು, ಬರುವ ಹೆಜ್ಜೆಯ ಸದ್ದು, ಕಡೆಗೆ ನೆಲದ ಮೇಲೆ ತಂಬಿಗೆ ಇಟ್ಟ ಸದ್ದು ಕೇಳುತ್ತದೆ. ಮತ್ತೆ ಅದೇ ಸಾಲನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾರೆ.

“ಆ ತಂಬಿಗಿ ನನ್ನ ತವರಮನಿದು” ಎಂದಳು ಅವ್ವ, ಟೀವಿಯಿಂದ ಕಣ್ಣು ಕೀಳದೆ. “ಈಗೆಲ್ಲಿ ಐತೋ ಏನೋ.”

ಹುಡುಕಿದೆವು, ಸಿಗಲಿಲ್ಲ. ಆ ಕಡತದ ವಿವರಣೆಯ ಕಾಲಂನಲ್ಲಿ ಕವಿಯ ಹೆಸರು, ಕಾಂಡ, ಸಂಧಿ, ಓದಿದವರು ಎಂದು ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: 14ನೆಯ ನಿಮಿಷ, ಕೆಮ್ಮು, ಅವ್ವನ ತವರುಮನೆಯ ತಂಬಿಗೆ.